ಅಜ್ಜಿಯ ಚೀಟಿ ಚೀಲ

ತುಂಗಭದ್ರೆಯ ಉತ್ತರ ದಂಡೆಯ ಮೇಲಿರುವ ಆನೆಗೊಂದಿಯಲ್ಲಿ ಒಂದು ಮನೆ. ಆ ಮನೆಯಲ್ಲಿ 72 ವರ್ಷದ ಒಬ್ಬ ಅಜ್ಜಿ. ಪಡಸಾಲೆಯ ಗೂಟಕ್ಕೆ ಒಂದು ಪ್ಲಾಸ್ಟಿಕ್ ಚೀಲ ತೂಗುಹಾಕಿದೆ. ಅಜ್ಜಿಯೂ ಮನೆಯೂ ಕಲ್ಪನೆಯವು. ಆದರೆ ಆ ಚೀಲ ಕಲ್ಪನೆಯದಲ್ಲ. ಅಂಥದೊಂದು ಚೀಲ ಇಲ್ಲದ ಮನೆ ಆನೆಗೊಂದಿಯಲ್ಲಷ್ಟೇ ಅಲ್ಲ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಚೀಲ ಬಿಚ್ಚಿ ನೋಡೋಣ. ಊರಿನ ಹತ್ತಿರದ ಸರಕಾರಿ ದವಾಖಾನೆಯಲ್ಲಿ ರಕ್ತದೊತ್ತಡಕ್ಕೆ ಬರೆದುಕೊಟ್ಟ ಚೀಟಿ. ಗಂಗಾವತಿಯಲ್ಲಿ ಮಾಡಿಸಿದ ಸಕ್ಕರೆ ಪರೀಕ್ಷೆಯ ವರದಿ. ನದಿಯಾಚೆ ಹೊಸಪೇಟೆಯಲ್ಲಿ ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಹಾಳೆ. ಎದೆನೋವೆಂದು ಬಳ್ಳಾರಿಗೆ ಹೋದಾಗ ತೆಗೆದ ಇ.ಸಿ.ಜಿ. ಪಟ್ಟಿ, ಅದರ ಮೇಲಿನ ಗೆರೆಗಳು ಮಾಸಿ ಹೋಗಿವೆ. ಮೊಣಕಾಲು ನೋವಿನ ಗುಳಿಗೆಗೆ ಮಾತ್ರ ಚೀಟಿಯೇ ಇಲ್ಲ. ಅದನ್ನು ಔಷಧ ಅಂಗಡಿಯಲ್ಲಿ ಕೇಳಿ ತಂದದ್ದು.

ಹೊಸ ಡಾಕ್ಟರರ ಮುಂದೆ ಕೂತಾಗ ನಡೆಯುವ ಮಾತುಕತೆ ಎಲ್ಲರಿಗೂ ಗೊತ್ತಿರುವುದೇ.

“ಯಾವ್ಯಾವ ಗುಳಿಗಿ ತಗೋತೀರಿ, ಯವ್ವಾ?”

“ಬಿಳೇದೊಂದು ಮುಂಜಾನಿಗಿ, ಸಣ್ಣದೊಂದು ರಾತ್ರಿಗಿ ರೀ. ಕಾಲ್ ನೋವು ಬಂದ್ರ ಕೆಂಪಂದು.”

ಬಿಳಿಯ ಗುಳಿಗೆಗಳು ಸಾವಿರಾರು ಇವೆ. ಡಾಕ್ಟರರು ಏನೆಂದು ತಿಳಿಯಬೇಕು?

ಒಂದು ದೇಹ, ಹಲವು ಕಾಯಿಲೆ

ಒಬ್ಬರಲ್ಲಿ ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆಗಳು ಒಟ್ಟಿಗೆ ಇರುವುದನ್ನು ಬಹುರೋಗ ಸ್ಥಿತಿ ಎನ್ನಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸಂಧಿವಾತ, ಹೃದ್ರೋಗ, ಉಬ್ಬಸ, ಮೂತ್ರಪಿಂಡದ ದೌರ್ಬಲ್ಯ, ಮರೆವು, ಖಿನ್ನತೆ ಇವೆಲ್ಲ ಈ ಸಾಲಿಗೆ ಸೇರುತ್ತವೆ. ವಯಸ್ಸಾದಂತೆ ಇವು ಒಂದರ ಹಿಂದೆ ಒಂದು ಬಂದು ಸೇರಿಕೊಳ್ಳುತ್ತವೆ.

ಆದರೆ ವೈದ್ಯಶಾಸ್ತ್ರ ಬೆಳೆದು ಬಂದದ್ದು ಒಂದೊಂದೇ ರೋಗವನ್ನು ಹಿಡಿದು. ಹೃದಯಕ್ಕೊಬ್ಬರು ತಜ್ಞರು, ಮೂಳೆಗೊಬ್ಬರು, ಕಣ್ಣಿಗೊಬ್ಬರು. ಹೊಸ ಔಷಧವನ್ನು ಪರೀಕ್ಷಿಸುವಾಗಲೂ ಅನೇಕ ವೇಳೆ ಬೇರೆ ಕಾಯಿಲೆ ಇಲ್ಲದವರನ್ನೇ ಆರಿಸಿಕೊಳ್ಳುತ್ತಾರೆ. ಫಲಿತಾಂಶ ಸ್ಪಷ್ಟವಾಗಿ ಕಾಣಲೆಂಬುದು ಅದರ ಉದ್ದೇಶ. ಕೊನೆಗೆ ಆ ಔಷಧ ಹೋಗಿ ಸೇರುವುದು ಮಾತ್ರ ನಾಲ್ಕು ಕಾಯಿಲೆ ಇರುವ ಅಜ್ಜಿಯ ಹೊಟ್ಟೆಗೆ!

ಇಂಥ ಹಿರಿಯರು ಎಷ್ಟು ಮಂದಿ? 2011ರ ಜನಗಣತಿಯ ವೇಳೆಗೇ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡಾ 9.5. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 2017-18ರಲ್ಲಿ ನಡೆದ ‘ಲಾಸಿ’ ಎಂಬ ರಾಷ್ಟ್ರೀಯ ಸಮೀಕ್ಷೆ 72,250 ಜನರನ್ನು ಮಾತನಾಡಿಸಿತು. ಅವರಲ್ಲಿ 31,464 ಮಂದಿ 60 ದಾಟಿದವರು. 2021ರ ಜನವರಿಯಲ್ಲಿ ವರದಿ ಹೊರಬಂದಾಗ ತಿಳಿದದ್ದು, ಹಿರಿಯರಲ್ಲಿ ನಾಲ್ವರಲ್ಲಿ ಮೂವರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ ಎಂದು.

ಹಾಗಾದರೆ ಯಾವ ಕಾಯಿಲೆಯ ಜೊತೆ ಯಾವುದು ಬರುತ್ತದೆ? ಯಾವ ಗುಳಿಗೆ ಇನ್ನೊಂದು ಗುಳಿಗೆಯೊಡನೆ ಜಗಳವಾಡುತ್ತದೆ? ಇದನ್ನು ತಿಳಿಯಲು ಒಬ್ಬ ಡಾಕ್ಟರರ ಅನುಭವ ಸಾಲದು. ಲಕ್ಷಾಂತರ ಜನರ ಚೀಟಿಗಳನ್ನು ಒಂದೆಡೆ ಇಟ್ಟು ನೋಡಬೇಕು. ಕಾಗದದ ಚೀಟಿಗಳನ್ನು ಹಾಗೆ ನೋಡಲಾಗದು. ಕಂಪ್ಯೂಟರಿನಲ್ಲಿರುವ ದಾಖಲೆಗಳನ್ನು ನೋಡಬಹುದು. ಇವೇ ವಿದ್ಯುನ್ಮಾನ ಆರೋಗ್ಯ ದಾಖಲೆಗಳು.

ಚೀಟಿಯೂ ಶಾಸನವೂ

ಕಂಪ್ಯೂಟರಿಗೆ ತುಂಬಿದ ಮಾತ್ರಕ್ಕೆ ಚೀಟಿ ದಾಖಲೆಯಾಗುವುದಿಲ್ಲ. ಅದಕ್ಕೆ ಏನೇನು ಬೇಕು ಎಂಬುದನ್ನು ಆನೆಗೊಂದಿಯ ಮಕ್ಕಳಿಗೆ ವಿವರಿಸುವುದು ಸುಲಭ. ನದಿಯ ಎರಡೂ ದಂಡೆಗಳಲ್ಲಿ ವಿಜಯನಗರ ಕಾಲದ ಶಾಸನಗಳಿವೆ. ದಾನಶಾಸನ ಬರೆಸಿದವರು ಶಕವರ್ಷ, ತಿಥಿ, ದಾನ ಕೊಟ್ಟವರು ಯಾರು, ಪಡೆದವರು ಯಾರು, ಯಾವ ಊರಿನ ಭೂಮಿ ಎಂಬುದನ್ನು ಕೆತ್ತಿಸುತ್ತಿದ್ದರು. ಆದ್ದರಿಂದಲೇ ಶತಮಾನಗಳ ನಂತರವೂ ಒಂದು ಶಾಸನವನ್ನು ಇನ್ನೊಂದರೊಡನೆ ಹೊಂದಿಸಿ ಇತಿಹಾಸ ಕಟ್ಟಲು ಸಾಧ್ಯವಾಯಿತು. ಕಾಲ ನಮೂದಿಸದ, ಅರ್ಧ ಒಡೆದ ಶಾಸನದಿಂದ ದೊರೆಯುವುದು ಕಡಿಮೆ.

ಆರೋಗ್ಯ ದಾಖಲೆಗೂ ಇದೇ ನಿಯಮ. ಮೊದಲನೆಯದು ಗುರುತು: ಗಂಗಾವತಿಯ ಚೀಟಿಯೂ ಬಳ್ಳಾರಿಯ ಚೀಟಿಯೂ ಒಬ್ಬರದೇ ಎಂದು ತಿಳಿಯಬೇಕು. ಎರಡನೆಯದು ದಿನಾಂಕ: ಸಕ್ಕರೆ ಕಾಯಿಲೆ ಮೊದಲು ಬಂದಿತೇ, ಮೂತ್ರಪಿಂಡದ ತೊಂದರೆ ಮೊದಲೇ ಎಂದು ತಿಳಿಯಬೇಕು. ಮೂರನೆಯದು ಒಂದೇ ಭಾಷೆ. ಒಬ್ಬ ಡಾಕ್ಟರರು ‘ಶುಗರ್’ ಎಂದು ಬರೆದರೆ ಮತ್ತೊಬ್ಬರು ‘ಡಿ.ಎಂ.’ ಎನ್ನುತ್ತಾರೆ, ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು. ಇದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಪ್ರತಿಯೊಂದು ರೋಗಕ್ಕೂ ಒಂದು ಸಂಕೇತ ಕೊಟ್ಟು ಪಟ್ಟಿ ಮಾಡಿದೆ. ಆ ಪಟ್ಟಿಯ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದೆ.

ಈ ಮೂರೂ ಇದ್ದರೆ ಮುಂದಿನದು ಲೆಕ್ಕ. ಹೈಸ್ಕೂಲಿನ ಸಂಭವನೀಯತೆಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ತಾಲ್ಲೂಕಿನಲ್ಲಿ 1000 ಹಿರಿಯರಿದ್ದಾರೆ ಎನ್ನೋಣ. 300 ಮಂದಿಗೆ ರಕ್ತದೊತ್ತಡ, 200 ಮಂದಿಗೆ ಸಕ್ಕರೆ ಕಾಯಿಲೆ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಎರಡೂ ಇರುವವರು ಎಷ್ಟಿರಬೇಕು? ಹತ್ತರಲ್ಲಿ ಮೂರನ್ನು ಹತ್ತರಲ್ಲಿ ಎರಡರಿಂದ ಗುಣಿಸಿದರೆ ನೂರರಲ್ಲಿ ಆರು. ಅಂದರೆ 60 ಮಂದಿ. ದಾಖಲೆಯಲ್ಲಿ ಎಣಿಸಿದಾಗ 60ರ ಬದಲು 110 ಮಂದಿ ಸಿಕ್ಕರೆ ಇದು ಬರೀ ಕಾಕತಾಳೀಯವಲ್ಲ ಎಂಬ ಅನುಮಾನ ಹುಟ್ಟುತ್ತದೆ. ಎರಡಕ್ಕೂ ಒಂದೇ ಬೇರು ಇದೆಯೇ, ಒಂದು ಇನ್ನೊಂದನ್ನು ತರುತ್ತಿದೆಯೇ ಎಂದು ಹುಡುಕಾಟ ಶುರುವಾಗುತ್ತದೆ.

ಮೂರು ಗುಳಿಗೆಗಳ ಕತೆ

ಇಂಥ ಲೆಕ್ಕದಿಂದ ಏನು ದೊರೆತಿದೆ? ಸ್ಕಾಟ್ಲೆಂಡಿನಲ್ಲಿ 314 ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ನೋಂದಾಯಿಸಿಕೊಂಡ 17,51,841 ಜನರ ದಾಖಲೆಗಳನ್ನು ಒಟ್ಟಾಗಿ ಪರಿಶೀಲಿಸಿದ ಅಧ್ಯಯನ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಲೆಕ್ಕಕ್ಕೆ ಹಿಡಿದದ್ದು 40 ಕಾಯಿಲೆಗಳನ್ನು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಶೇಕಡಾ 23ರಷ್ಟು ಜನರಿಗೆ ಎರಡು ಅಥವಾ ಹೆಚ್ಚು ಕಾಯಿಲೆಗಳಿದ್ದವು. 65ರ ವಯಸ್ಸಿಗೆ ಬರುವಷ್ಟರಲ್ಲಿ ಬಹುಪಾಲು ಜನ ಬಹುರೋಗಿಗಳಾಗಿದ್ದರು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ತೀರ ಬಡ ಬಡಾವಣೆಗಳವರಿಗೆ ಈ ಸ್ಥಿತಿ ಅನುಕೂಲಸ್ಥರಿಗಿಂತ 10ರಿಂದ 15 ವರ್ಷ ಮೊದಲೇ ಬಂದಿತ್ತು. ಬಡತನ ಮನುಷ್ಯನನ್ನು ಬೇಗ ಮುದುಕನನ್ನಾಗಿಸುತ್ತದೆ ಎಂಬ ಹಿರಿಯರ ಮಾತಿಗೆ ಅಂಕಿ ಸಂಖ್ಯೆಯ ಆಧಾರ ಸಿಕ್ಕಂತಾಯಿತು.

ಆನೆಗೊಂದಿಯ ಅಜ್ಜಿಗೆ ಇನ್ನೂ ಹತ್ತಿರದ ಕತೆ ಮತ್ತೊಂದಿದೆ. ರಕ್ತದೊತ್ತಡ ಇಳಿಸಲು ಎನಾಲಾಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಗುಳಿಗೆ ಕೊಡುತ್ತಾರೆ. ಕೆಲವರಿಗೆ ಅದರೊಡನೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಕೊಡುತ್ತಾರೆ. ಇತ್ತ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್. ಮೂರೂ ಮೂತ್ರಪಿಂಡದ ಕೆಲಸದಲ್ಲಿ ಕೈ ಹಾಕುತ್ತವೆ. ಮೂತ್ರಪಿಂಡ ರಕ್ತವನ್ನು ಸೋಸಲು ಒಳಗೆ ಸಾಕಷ್ಟು ಒತ್ತಡ ಬೇಕು. ಮೂತ್ರ ಹೆಚ್ಚಿಸುವ ಗುಳಿಗೆ ದೇಹದ ನೀರನ್ನು ಕಡಿಮೆ ಮಾಡುತ್ತದೆ. ನೋವಿನ ಗುಳಿಗೆ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಕಿರಿದಾಗಿಸುತ್ತದೆ. ರಕ್ತದೊತ್ತಡದ ಗುಳಿಗೆ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಕಾಲುವೆಗೆ ನೀರು ಬರುವ ತೂಬನ್ನು ಅರ್ಧ ಮುಚ್ಚಿ, ಹೋಗುವ ತೂಬನ್ನು ಪೂರ್ತಿ ತೆರೆದರೆ ಕಾಲುವೆಯಲ್ಲಿ ನೀರು ನಿಲ್ಲುವುದೆಂತು?

ಕೆನಡಾದ ಮಾಂಟ್ರಿಯಲ್ಲಿನ ಸಂಶೋಧಕರು ಬ್ರಿಟನ್ನಿನ ಚಿಕಿತ್ಸಾಲಯಗಳ ಕಂಪ್ಯೂಟರ್ ದಾಖಲೆಗಳಿಂದ ರಕ್ತದೊತ್ತಡದ ಔಷಧ ಸೇವಿಸುತ್ತಿದ್ದ 4,87,372 ಜನರನ್ನು ಗುರುತಿಸಿದರು. ಅವರಲ್ಲಿ 2,215 ಮಂದಿಗೆ ಮೂತ್ರಪಿಂಡ ಹಠಾತ್ತನೆ ಕೈಕೊಟ್ಟಿತ್ತು. ನೋವಿನ ಗುಳಿಗೆಯೊಡನೆ ಉಳಿದೆರಡರಲ್ಲಿ ಒಂದನ್ನು ಮಾತ್ರ ತೆಗೆದುಕೊಂಡವರಲ್ಲಿ ಒಟ್ಟಾರೆ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಮೂರನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಅದು ಶೇಕಡಾ 31ರಷ್ಟು ಹೆಚ್ಚಿತ್ತು. ಮೊದಲ 30 ದಿನಗಳಲ್ಲಂತೂ ಶೇಕಡಾ 82ರಷ್ಟು. ಇದು ಪ್ರಕಟವಾದದ್ದು 2013ರಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ ಇದು. ಐದು ಲಕ್ಷದಷ್ಟು ಜನರಲ್ಲಿ ಎರಡು ಸಾವಿರ ಎಂದರೆ ನೂರರಲ್ಲಿ ಅರ್ಧಕ್ಕಿಂತಲೂ ಕಡಿಮೆ. ಒಬ್ಬ ಡಾಕ್ಟರರು ಇಡೀ ಆಯುಷ್ಯದಲ್ಲಿ ಇಂಥ ಕೆಲವೇ ರೋಗಿಗಳನ್ನು ನೋಡಿಯಾರು. ಮೂರು ಗುಳಿಗೆಗಳ ಸಂಬಂಧ ಎಷ್ಟೆಂದು ಅವರು ಅಳೆಯಲಾರರು. ದಾಖಲೆಗಳ ರಾಶಿಯಲ್ಲಿ ಮಾತ್ರ ಅದನ್ನು ಅಳೆಯಬಹುದು. ಅಂದ ಹಾಗೆ, ಆನೆಗೊಂದಿಯ ಅಜ್ಜಿಯ ಮೂರನೆಯ ಗುಳಿಗೆಗೆ ಚೀಟಿಯೇ ಇಲ್ಲ ಎಂಬುದು ನೆನಪಿದೆಯಷ್ಟೆ?

ಮೈಸೂರಿನ ಹಳೆಯ ಹೆರಿಗೆ ದಾಖಲೆಗಳು

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಕಾಗಿಲ್ಲ. ಹಳೆಯ ದಾಖಲೆಗಳಿಂದ ಮುಪ್ಪಿನ ಕಾಯಿಲೆಗಳ ಗುಟ್ಟು ಹುಡುಕಿದ ಒಂದು ಮುಖ್ಯ ಅಧ್ಯಯನ ನಡೆದದ್ದು ಕರ್ನಾಟಕದಲ್ಲೇ. ಮೈಸೂರಿನ ಸಿ.ಎಸ್.ಐ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎಂದು ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಬರೆದವರಿಗೆ ಅದು ದಿನದ ಕೆಲಸ. ಅರವತ್ತು ವರ್ಷಗಳ ನಂತರ ಯಾರೋ ಅದನ್ನು ತೆರೆದು ನೋಡುತ್ತಾರೆಂದು ಅವರು ಎಣಿಸಿರಲಾರರು.

1990ರ ದಶಕದಲ್ಲಿ ಬ್ರಿಟನ್ನಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕೆರೊಲಿನ್ ಫಾಲ್ ಮುಂತಾದವರು ಮೈಸೂರಿನ ವೈದ್ಯರೊಡನೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗುತ್ತಿದ್ದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇಕಡಾ 11 ಮಂದಿಗೆ, ಮೂರು ಕಿಲೋಗ್ರಾಮಿಗೂ ಮೇಲೆ ತೂಗುತ್ತಿದ್ದವರಲ್ಲಿ ಶೇಕಡಾ 3 ಮಂದಿಗೆ. ತಾಯಿಯ ಗರ್ಭದಲ್ಲಿ ಸಿಕ್ಕ ಪೋಷಣೆಗೂ ನಡುವಯಸ್ಸು ದಾಟಿದ ಮೇಲೆ ಬರುವ ಹೃದ್ರೋಗಕ್ಕೂ ಸಂಬಂಧವಿರಬಹುದು ಎಂಬುದಕ್ಕೆ ಭಾರತದಿಂದ ದೊರೆತ ಬಲವಾದ ಸಾಕ್ಷಿ ಅದು.

ಅಲ್ಲಿಗೇ ನಿಲ್ಲಲಿಲ್ಲ. ಅದೇ ಆಸ್ಪತ್ರೆಯಲ್ಲಿ ಹುಟ್ಟಿ ಈಗ ಹಿರಿಯರಾಗಿರುವ 721 ಮಂದಿಯನ್ನು 2013ರಿಂದೀಚೆಗೆ ಮತ್ತೆ ಪರೀಕ್ಷಿಸಲಾಯಿತು. ಈ ಸಲ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ನೆನಪಿನ ಶಕ್ತಿ, ಖಿನ್ನತೆಗಳನ್ನೂ ಅಳೆದರು. ಒಂದೇ ದೇಹದ ಹಲವು ಕಾಯಿಲೆಗಳನ್ನು ಹುಟ್ಟಿನ ದಿನದಿಂದಲೇ ಬರುವ ಒಂದೇ ದಾರದಲ್ಲಿ ಪೋಣಿಸಿ ನೋಡುವ ಕೆಲಸ ಇದು. ಇದಕ್ಕೆಲ್ಲ ಬುನಾದಿ, ಅಂದು ಹೆರಿಗೆ ಕೋಣೆಯಲ್ಲಿ ತೂಕವನ್ನು ಅಂದಾಜಿನಲ್ಲಿ ಬರೆಯದೆ ತಕ್ಕಡಿಯಲ್ಲಿ ತೂಗಿ ಬರೆದ ದಾದಿಯರ ಶ್ರದ್ಧೆ.

ದಾಖಲೆ ಹೇಳದ ಮಾತು

ಹಾಗೆಂದು ದಾಖಲೆಯಲ್ಲಿರುವುದೆಲ್ಲ ಸತ್ಯ, ಇಲ್ಲದ್ದೆಲ್ಲ ಸುಳ್ಳು ಎಂದು ತಿಳಿಯಬಾರದು. ಆಸ್ಪತ್ರೆಯ ಮೆಟ್ಟಿಲು ಹತ್ತದ ಮುದುಕ ದಾಖಲೆಯಲ್ಲಿ ಗಟ್ಟಿಮುಟ್ಟಾದ ಆಳು! ರಕ್ತದೊತ್ತಡ ಒಮ್ಮೆಯೂ ಅಳೆಸದವರಿಗೆ ರಕ್ತದೊತ್ತಡವೇ ಇಲ್ಲ ಎಂದು ಕಂಪ್ಯೂಟರ್ ತಿಳಿಯುತ್ತದೆ. ಬಸ್ಸಿನ ಖರ್ಚಿಗೆ, ಒಂದು ದಿನದ ಕೂಲಿಗೆ ಹೆದರಿ ಮನೆಯಲ್ಲೇ ಉಳಿದವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ.

ಇನ್ನೊಂದು ಮೋಸವನ್ನು ಅಮೆರಿಕದ ಜೋಸೆಫ್ ಬರ್ಕ್‌ಸನ್ 1946ರಲ್ಲೇ ತೋರಿಸಿಕೊಟ್ಟರು. ಎರಡು ಕಾಯಿಲೆ ಇರುವವರಿಗೆ ಆಸ್ಪತ್ರೆ ಸೇರಲು ಎರಡು ಕಾರಣಗಳಿರುತ್ತವೆ. ಆದ್ದರಿಂದ ಆಸ್ಪತ್ರೆಯಲ್ಲಿ ಅಂಥವರು ಊರಿನಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸಿಗುತ್ತಾರೆ. ಆಸ್ಪತ್ರೆಯ ದಾಖಲೆಯನ್ನು ಮಾತ್ರ ಎಣಿಸಿದರೆ ಸಂಬಂಧವೇ ಇಲ್ಲದ ಎರಡು ಕಾಯಿಲೆಗಳು ನಂಟರಂತೆ ಕಾಣಬಹುದು. ಮೇಲಿನ ಲೆಕ್ಕದಲ್ಲಿ 60ರ ಬದಲು 110 ಸಿಕ್ಕಾಗ ‘ಅನುಮಾನ ಹುಟ್ಟುತ್ತದೆ’ ಎಂದಷ್ಟೇ ಹೇಳಿದ್ದು ಅದಕ್ಕೇ.

ಇದಕ್ಕೆ ಪರಿಹಾರವೆಂದರೆ ರೋಗಿ ಬರಲಿ ಎಂದು ಕಾಯದೆ ಊರಿಗೇ ಹೋಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಇಂಥದೊಂದು ಅಧ್ಯಯನ ಆರಂಭಿಸಿತು. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು, ಅವರ ರಕ್ತ, ಹೃದಯ, ನೆನಪಿನ ಶಕ್ತಿ, ಮಿದುಳುಗಳನ್ನು ವರ್ಷಗಳ ಕಾಲ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಆಸ್ಪತ್ರೆಯ ದಾಖಲೆ ಲಕ್ಷಾಂತರ ಜನರದು, ಆದರೆ ಅದರಲ್ಲಿ ತೂತುಗಳಿವೆ. ಊರಿನಲ್ಲಿ ನಡೆಸುವ ಅಧ್ಯಯನ ಚಿಕ್ಕದು, ಆದರೆ ನೇಯ್ಗೆ ಬಿಗಿ. ವಿಜ್ಞಾನಕ್ಕೆ ಎರಡೂ ಬೇಕು.

ಗುಟ್ಟು ಯಾರದು?

ಭಾರತ ಸರಕಾರ ವಿದ್ಯುನ್ಮಾನ ಆರೋಗ್ಯ ದಾಖಲೆ ಹೇಗಿರಬೇಕೆಂಬ ಮಾನದಂಡಗಳನ್ನು 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಅದರಡಿ ಬಯಸಿದವರಿಗೆ ‘ಆಭಾ’ ಎಂಬ 14 ಅಂಕಿಗಳ ಆರೋಗ್ಯ ಸಂಖ್ಯೆ ದೊರೆಯುತ್ತದೆ. ಬೇರೆ ಬೇರೆ ಊರುಗಳ ದಾಖಲೆಗಳನ್ನು, ರೋಗಿಯ ಒಪ್ಪಿಗೆಯ ಮೇಲೆ, ಈ ಸಂಖ್ಯೆಯ ಕೆಳಗೆ ಕೂಡಿಸಬಹುದು. ಶಾಸನದಲ್ಲಿ ದಾನಿಯ ಹೆಸರಿದ್ದಂತೆ ದಾಖಲೆಯಲ್ಲಿ ಈ ಸಂಖ್ಯೆ.

ಆದರೆ ಶಾಸನ ಎಲ್ಲರೂ ಓದಲೆಂದು ಬರೆಸಿದ್ದು. ರೋಗದ ದಾಖಲೆ ಹಾಗಲ್ಲ. ಅಧ್ಯಯನಕ್ಕೆ ಕೊಡುವಾಗ ಹೆಸರು, ವಿಳಾಸ ಅಳಿಸುತ್ತಾರೆ ನಿಜ. ಬೆಂಗಳೂರಿನಂಥ ಊರಿಗೆ ಅದು ಬಹುಮಟ್ಟಿಗೆ ಸಾಕಾದೀತು. ಚಿಕ್ಕ ಹಳ್ಳಿಯಲ್ಲಿ ‘80 ದಾಟಿದ, ಒಂದು ಕಾಲಿಲ್ಲದ, ಸಕ್ಕರೆ ಕಾಯಿಲೆಯ ಗಂಡಸು’ ಎಂದರೆ ಹೆಸರು ಹೇಳಬೇಕಾದದ್ದೇ ಇಲ್ಲ, ಕಟ್ಟೆಯ ಮೇಲೆ ಕೂತವರು ಮನೆ ತೋರಿಸಿಬಿಡುತ್ತಾರೆ. ಕಂಪ್ಯೂಟರಿಗೂ ಕಳ್ಳರ ಕಾಟ ತಪ್ಪಿದ್ದಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಯ ಮೇಲೆ 2022ರ ನವೆಂಬರಿನಲ್ಲಿ ದಾಳಿ ನಡೆದು, ಅನೇಕ ದಿನ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾಯಿದೆ ಮಾಡಿದೆ. ಆದರೂ, ಒಪ್ಪಿಗೆ ಕೇಳುವಾಗ ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂಬುದು ಅಜ್ಜಿಗೆ ಅವರ ಮಾತಿನಲ್ಲಿ ತಿಳಿಯಬೇಕು. ಮೊಬೈಲಿನಲ್ಲಿ ಬಂದ ಅಂಕಿಯನ್ನು ಮೊಮ್ಮಗ ಓದಿ ಹೇಳಿದರೆ ಅದು ಅಜ್ಜಿಯ ಒಪ್ಪಿಗೆಯಾಗದು.

ಇಂದೇ ಮಾಡಬಹುದಾದದ್ದು

ಊರಿನ ಎಲ್ಲ ದವಾಖಾನೆಗಳೂ ಒಂದೇ ದಾರದಲ್ಲಿ ಸೇರುವವರೆಗೆ ಕಾಯಬೇಕಾಗಿಲ್ಲ. ಹೈಸ್ಕೂಲು ಓದುವ ಮಗ ಅಥವಾ ಮಗಳು ಇರುವ ಪ್ರತಿ ಮನೆಯಲ್ಲೂ ಒಂದು ನೋಟುಪುಸ್ತಕ ಸಾಕು. ಭಾನುವಾರ ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಚೀಲ ಬಿಚ್ಚಿ.

ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ವರ್ಷ, ರಕ್ತದ ಗುಂಪು, ಯಾವ ಔಷಧ ಒಗ್ಗುವುದಿಲ್ಲ ಎಂಬುದು. ಎರಡನೆಯ ಪುಟದಲ್ಲಿ ಕಾಯಿಲೆಗಳು, ಪ್ರತಿಯೊಂದೂ ಯಾವ ವರ್ಷ ಗೊತ್ತಾಯಿತು ಎಂಬುದರೊಂದಿಗೆ. ವರ್ಷ ನೆನಪಿಲ್ಲವೆಂದರೆ ‘ನದಿಗೆ ದೊಡ್ಡ ಹೊಳಿ ಬಂದ ವರ್ಷ’, ‘ಸೊಸೆ ಮನೆಗೆ ಬಂದ ವರ್ಷ’ ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ. ಮೂರನೆಯ ಪುಟದಲ್ಲಿ ಗುಳಿಗೆಗಳು. ಬಣ್ಣ ಬರೆಯಬೇಡಿ, ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಬರೆಯಿರಿ. ಅಂಗಡಿಯಿಂದ ಕೇಳಿ ತಂದದ್ದು, ನಾಟಿ ಔಷಧ, ಮುಲಾಮು ಯಾವುದನ್ನೂ ಬಿಡಬೇಡಿ. ಮುಂದಿನ ಪುಟಗಳಲ್ಲಿ ರಕ್ತದೊತ್ತಡ, ಸಕ್ಕರೆ ಅಳೆಸಿದಾಗಲೆಲ್ಲ ಅಂಕಿ ಮತ್ತು ದಿನಾಂಕ.

ಒಂದು ಎಚ್ಚರಿಕೆ. ಪಟ್ಟಿ ನೋಡಿ ಗಾಬರಿಯಾಗಿ ಯಾವ ಗುಳಿಗೆಯನ್ನೂ ತಾವಾಗಿ ನಿಲ್ಲಿಸಬಾರದು. ರಕ್ತದೊತ್ತಡದ ಗುಳಿಗೆ ಥಟ್ಟನೆ ನಿಲ್ಲಿಸಿದರೆ ಅಪಾಯ ಇನ್ನೂ ಹೆಚ್ಚು. ಪುಸ್ತಕವನ್ನು ಡಾಕ್ಟರರ ಮುಂದಿಡಿ, ನಿರ್ಧಾರ ಅವರದು.

ಮುಂದಿನ ಸಲ ಡಾಕ್ಟರರು “ಯಾವ್ಯಾವ ಗುಳಿಗಿ ತಗೋತೀರಿ, ಯವ್ವಾ?” ಎಂದಾಗ ಅಜ್ಜಿ ಬಣ್ಣ ಹೇಳಬೇಕಾಗಿಲ್ಲ. “ಮಮ್ಮಗಳು ಬರದಾಳ, ನೋಡ್ರಿ” ಎಂದು ಪುಸ್ತಕ ಮುಂದೆ ಮಾಡಿದರಾಯಿತು. ಕೆಂಪು ಗುಳಿಗೆಯ ಹೆಸರು ಮೊದಲ ಬಾರಿಗೆ ಒಬ್ಬ ಡಾಕ್ಟರರ ಕಣ್ಣಿಗೆ ಬೀಳುತ್ತದೆ.